ಸೆಮಿಕೋಲನ್ ಮೇಲೊಂದು ಬೆರಳು

ಇಂಗ್ಲಿಷ್ ಗ್ರಾಮರ್ ಪರೀಕ್ಷೆಯಲ್ಲಿ ಸೆಮಿಕೋಲನ್ (;) ಪ್ರಶ್ನೆ ಬಂದಾಗ ನಾನು ಕಿವಿಯನ್ನು ನಂಬುವುದಿಲ್ಲ. ಆ ಚಿಹ್ನೆಯ ಮೇಲೆ ಬೆರಳಿಟ್ಟು ಎಡಗಡೆಯದನ್ನು ಒಮ್ಮೆ, ಬಲಗಡೆಯದನ್ನು ಒಮ್ಮೆ ಬಿಡಿಬಿಡಿಯಾಗಿ ಓದುತ್ತೇನೆ. ಎರಡೂ ಪೂರ್ತಿ ವಾಕ್ಯಗಳಾಗಿದ್ದರೆ ಸೆಮಿಕೋಲನ್ ನಿಲ್ಲುತ್ತದೆ.

'ದ ರೇನ್ ಸ್ಟಾಪ್ಡ್; ದ ಮ್ಯಾಚ್ ಬಿಗ್ಯಾನ್.' ಇದು ಸರಿ. ಶುರುವಿಗೆ ಒಂದು 'ಆಲ್ದೋ' ಸೇರಿಸಿ ನೋಡಿ. 'ಆಲ್ದೋ ದ ರೇನ್ ಸ್ಟಾಪ್ಡ್' ಅಂತ ಹೇಳಿ ಯಾರಾದರೂ ಸುಮ್ಮನಾದರೆ 'ಆಮೇಲೆ?' ಅಂತ ಕೇಳುತ್ತೇವೆ, ಅಲ್ವಾ? ಹಾಗೆ ಕೇಳಬೇಕೆನಿಸಿದರೆ ಅಲ್ಲಿಗೆ ಕಾಮಾ ಸಾಕು.

ಜಾಸ್ತಿ ಜನ ಎಡವುವುದು 'ಹೌಎವರ್' ಹತ್ತಿರ. ಆ ಪದ ಕಂಡ ಕೂಡಲೇ ಅದರ ಹಿಂದೆ ಸೆಮಿಕೋಲನ್ ಹಾಕಿಬಿಡುತ್ತಾರೆ. 'ದ ರೇನ್ ಸ್ಟಾಪ್ಡ್; ಹೌಎವರ್, ದ ಮ್ಯಾಚ್ ವಾಸ್ ಕ್ಯಾನ್ಸಲ್ಡ್' ಸರಿಯೇ. ಆದರೆ 'ದ ಮ್ಯಾಚ್, ಹೌಎವರ್, ವಾಸ್ ಕ್ಯಾನ್ಸಲ್ಡ್' ಅನ್ನುವಲ್ಲಿ ಎಡಕ್ಕೆ ಬರೀ 'ದ ಮ್ಯಾಚ್' ಇದೆ, ವಾಕ್ಯವಿಲ್ಲ. ಹಾಗಾಗಿ ಎರಡೂ ಕಡೆ ಕಾಮಾ.

ಆಯ್ಕೆ ಕೊಟ್ಟು ಒಂದೇ ಸರಿಯುತ್ತರ ಕೇಳುವ ಪ್ರಶ್ನೆಗಳಲ್ಲಿ ಇನ್ನೊಂದು ಉಪಾಯ ನನಗೆ ತುಂಬಾ ಸಮಯ ಉಳಿಸಿದೆ. ಎರಡು ಆಯ್ಕೆಗಳು ಎಲ್ಲದರಲ್ಲೂ ಒಂದೇ ಆಗಿದ್ದು, ಒಂದರಲ್ಲಿ ಫುಲ್‌ಸ್ಟಾಪ್, ಇನ್ನೊಂದರಲ್ಲಿ ಸೆಮಿಕೋಲನ್ ಇದ್ದರೆ ಎರಡನ್ನೂ ಹೊಡೆದುಹಾಕುತ್ತೇನೆ. ವ್ಯಾಕರಣದಲ್ಲಿ ಎರಡರ ಕೆಲಸವೂ ಅಲ್ಲಿ ಒಂದೇ. ಒಂದು ಸರಿಯಾದರೆ ಇನ್ನೊಂದೂ ಸರಿಯಾಗಬೇಕಲ್ಲ!

ಪ್ಯಾರಲಲ್ ಸ್ಟ್ರಕ್ಚರ್‌ಗೆ, ಅಂದರೆ ಜೋಡಿಸಿದ ಭಾಗಗಳೆಲ್ಲ ಒಂದೇ ರೂಪದಲ್ಲಿರಬೇಕು ಎಂಬ ನಿಯಮಕ್ಕೆ ಬಂದರೆ ನಾನು ಬಲದಿಂದ ಎಡಕ್ಕೆ ಹೋಗುತ್ತೇನೆ. ಮೊದಲು 'ಅಂಡ್', 'ಆರ್', 'ಬಟ್ ಆಲ್ಸೋ' ಹುಡುಕಿ, ಅದರ ಮುಂದೆ ಏನಿದೆ ಅಂತ ನೋಡುತ್ತೇನೆ. 'ರೀಡಿಂಗ್, ಪೇಂಟಿಂಗ್ ಅಂಡ್ ಟು ಸ್ವಿಮ್' ಥರದ ತಪ್ಪು ಯಾರಿಗಾದರೂ ಕಾಣುತ್ತದೆ. ಕಣ್ಣು ತಪ್ಪಿಸುವುದು ಇಂಥದ್ದು: 'ಹೀ ನಾಟ್ ಓನ್ಲಿ ರೈಟ್ಸ್ ಸ್ಟೋರೀಸ್ ಬಟ್ ಆಲ್ಸೋ ಪೊಯೆಮ್ಸ್.' ಓದಿದರೆ ಎಲ್ಲೂ ತಡೆಯುವುದಿಲ್ಲ. ಆದರೆ 'ಬಟ್ ಆಲ್ಸೋ' ಮುಂದೆ ಇರುವುದು ನಾಮಪದ, 'ನಾಟ್ ಓನ್ಲಿ' ಮುಂದೆ ಇರುವುದು ಕ್ರಿಯಾಪದ. 'ರೈಟ್ಸ್' ಅನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು 'ಹೀ ರೈಟ್ಸ್ ನಾಟ್ ಓನ್ಲಿ ಸ್ಟೋರೀಸ್ ಬಟ್ ಆಲ್ಸೋ ಪೊಯೆಮ್ಸ್' ಅಂದರೆ ಜೋಡಿ ಕೂಡುತ್ತದೆ. ಈ ಒಂದು ಹೆಜ್ಜೆಯ ಅದಲುಬದಲು ನನಗೆ ತುಂಬಾ ಇಷ್ಟ.

'ದ್ಯಾನ್' ಬಂದರೂ ಇದೇ ಪರೀಕ್ಷೆ. 'ದ ಸಮ್ಮರ್ಸ್ ಹಿಯರ್ ಆರ್ ಹಾಟರ್ ದ್ಯಾನ್ ದಟ್ ಸಿಟಿ' ಅಂದರೆ ಬೇಸಿಗೆಯನ್ನು ಊರಿಗೆ ಹೋಲಿಸಿದಂತಾಯಿತು. 'ದ್ಯಾನ್ ದೋಸ್ ಇನ್ ದಟ್ ಸಿಟಿ' ಎಂಬ ಆಯ್ಕೆ ಇದ್ದರೆ ನಾನು ಅದಕ್ಕೇ ಗುರುತು ಹಾಕುತ್ತೇನೆ.