ಪಿಎಲ್‌ಸಿ ಆರಿಸುವ ಮೊದಲು ಮೆಷಿನ್ ಸುತ್ತ ಒಂದು ಸುತ್ತು

ಪಿಎಲ್‌ಸಿ ಅಂದರೆ ಬಟನ್, ಸೆನ್ಸರ್‌ಗಳನ್ನು ಓದಿ, ಬರೆದಿಟ್ಟ ಪ್ರೋಗ್ರಾಂ ಪ್ರಕಾರ ಮೆಷಿನ್ ನಡೆಸುವ ಸಣ್ಣ ಕಂಪ್ಯೂಟರ್. ಪೀಣ್ಯದಲ್ಲಿ ಅದನ್ನು ಕೂರಿಸುವ ಪ್ಯಾನೆಲ್ ಕಟ್ಟುತ್ತಾ, ಪ್ರೋಗ್ರಾಂ ಬರೆಯುತ್ತಾ ನನಗೆ 17 ವರ್ಷವಾಯಿತು. ಹೊಸದಾಗಿ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಸರ್, ಯಾವ ಪಿಎಲ್‌ಸಿ ಹಾಕಿದ್ರೆ ಒಳ್ಳೇದು?" ಅವರಿಗೆ ಒಂದು ಕಂಪನಿ ಹೆಸರು ಬೇಕಿರುತ್ತದೆ. ನಾನು ತಿರುಗಿ ಕೇಳುತ್ತೇನೆ: "ಮೆಷಿನ್ ಏನು ಮಾಡುತ್ತೆ? ಎಷ್ಟು ಸ್ಪೀಡು? ರಾತ್ರಿ ನಿಂತು ಹೋದ್ರೆ ನೋಡೋರು ಯಾರು?" ಈ ಮೂರಕ್ಕೆ ಉತ್ತರ ಸಿಗುವವರೆಗೆ ನಾನು ಯಾವ ಹೆಸರನ್ನೂ ಹೇಳುವುದಿಲ್ಲ.

ಕೆಲಸ ಒಪ್ಪಿಕೊಂಡ ದಿನ ಕ್ಯಾಟಲಾಗ್ ತೆಗೆಯುವುದೂ ಇಲ್ಲ. ನೋಟ್‌ಬುಕ್ ಹಿಡಿದು ಮೆಷಿನ್ ಸುತ್ತ ಒಂದು ಸುತ್ತು ಬರುತ್ತೇನೆ. ಎಡಗಡೆ ಪುಟದಲ್ಲಿ ಇನ್‌ಪುಟ್: ಪುಶ್ ಬಟನ್, ಲಿಮಿಟ್ ಸ್ವಿಚ್, ಪ್ರಾಕ್ಸಿ (ಲೋಹ ಹತ್ತಿರ ಬಂದರೆ ತಿಳಿಸುವ ಸೆನ್ಸರ್), ಫೋಟೋ ಸೆನ್ಸರ್. ಬಲಗಡೆ ಔಟ್‌ಪುಟ್: ಕಾಂಟ್ಯಾಕ್ಟರ್ (ಮೋಟರ್ ಆನ್-ಆಫ್ ಮಾಡುವ ದೊಡ್ಡ ಸ್ವಿಚ್), ಸೊಲೆನಾಯ್ಡ್ ವಾಲ್ವ್ (ಕರೆಂಟ್‌ನಿಂದ ತೆರೆದು ಮುಚ್ಚುವ ವಾಲ್ವ್), ಲ್ಯಾಂಪ್, ಹೂಟರ್. ಪ್ರತಿ ಸೆನ್ಸರ್ ಎದುರು ಅದು ಪಿಎನ್‌ಪಿಯೋ ಎನ್‌ಪಿಎನ್ನೋ, ಅಂದರೆ ಸಿಗ್ನಲ್ ಆಗಿ ಪ್ಲಸ್ ಕೊಡುತ್ತದೋ ಮೈನಸ್ ಕೊಡುತ್ತದೋ ಅಂತ ಗುರುತು ಹಾಕುತ್ತೇನೆ. ಹಳೇ ಮೆಷಿನ್‌ಗಳಲ್ಲಿ ಎರಡೂ ಬೆರೆತಿರುತ್ತವೆ. ಈಗಿನ ಸಣ್ಣ ಪಿಎಲ್‌ಸಿಗಳಲ್ಲಿ ಹೆಚ್ಚಿನವು ಎರಡಕ್ಕೂ ಒಗ್ಗುತ್ತವೆ ನಿಜ. ಆದರೆ ಒಂದೇ ಕಾಮನ್‌ಗೆ (ಹಂಚಿಕೊಂಡ ಟರ್ಮಿನಲ್‌ಗೆ) ಸೇರಿದ ಇನ್‌ಪುಟ್‌ಗಳಲ್ಲಿ ಎರಡನ್ನೂ ಬೆರೆಸಲು ಆಗುವುದಿಲ್ಲ. ಪ್ಯಾನೆಲ್ ಕಟ್ಟಿದ ಮೇಲೆ ಇದು ಕಣ್ಣಿಗೆ ಬಿದ್ದರೆ ಒಂದು ದಿನದ ಕೆಲಸ ಹೋಯಿತು ಅಂತಲೇ ಲೆಕ್ಕ.

ಎಣಿಸಿ ಆದ ಮೇಲೆ ನೂರಕ್ಕೆ 20ರಷ್ಟು ಸ್ಪೇರ್ ಸೇರಿಸುತ್ತೇನೆ. 18 ಇನ್‌ಪುಟ್ ಇದ್ದರೆ 22 ಅಂತ ಹಿಡಿಯುತ್ತೇನೆ. ಮೆಷಿನ್ ಓಡತೊಡಗಿದ ಮೇಲೆ ಓನರ್ ಬಂದು "ಇಲ್ಲೊಂದು ಸೆನ್ಸರ್ ಹಾಕಿಬಿಡಿ" ಅನ್ನದೇ ಇದ್ದ ಕೆಲಸ ನನಗೆ ನೆನಪಿಲ್ಲ. ಮುಂದೆ ಬೆಳೆಸಲು ಜಾಗ ಇದೆಯಾ ಅಂತಲೂ ನೋಡಬೇಕು. ಸೀಮೆನ್ಸ್ ಎಸ್7-1200ರ ಮೊದಲ ಪೀಳಿಗೆಯನ್ನೇ ತೆಗೆದುಕೊಳ್ಳಿ. 1211ಸಿ ಪಕ್ಕದಲ್ಲಿ ಇನ್‌ಪುಟ್-ಔಟ್‌ಪುಟ್ ಮಾಡ್ಯೂಲ್ ಒಂದನ್ನೂ ಸೇರಿಸಲು ಬರುವುದಿಲ್ಲ. 1212ಸಿಗೆ 2 ಸೇರಿಸಬಹುದು, 1214ಸಿಗೆ 8. ನೋಡಲು ಎಲ್ಲ ಅಣ್ಣತಮ್ಮಂದಿರ ಹಾಗೇ ಇರುತ್ತವೆ.

ಔಟ್‌ಪುಟ್ ಪುಟದಲ್ಲಿ ಇನ್ನೊಂದು ಕಾಲಂ ಹಾಕಿಕೊಂಡಿದ್ದೇನೆ: ಇದು ನಿಮಿಷಕ್ಕೆ ಎಷ್ಟು ಸಲ ಆನ್ ಆಗುತ್ತೆ? ಈ ಕಾಲಂ ಕಲಿಸಿದ್ದು ಮಸಾಲೆ ಪುಡಿ ತುಂಬುವ ಒಂದು ಪೌಚ್ ಮೆಷಿನ್. ನಿಮಿಷಕ್ಕೆ 40 ಪೌಚ್. ನಾನು ರಿಲೇ (ಕರೆಂಟ್‌ನಿಂದ ಕೂಡಿ ಬಿಡುವ ಸಣ್ಣ ಸ್ವಿಚ್) ಔಟ್‌ಪುಟ್ ಇರುವ ಪಿಎಲ್‌ಸಿ ಹಾಕಿದ್ದೆ. ರಿಲೇ ಆದರೆ 230 ವೋಲ್ಟ್ ಕಾಂಟ್ಯಾಕ್ಟರ್ ಕಾಯಿಲನ್ನೂ ಎಳೆಯುತ್ತದೆ, 24 ವೋಲ್ಟ್ ಡಿಸಿ ಸೊಲೆನಾಯ್ಡನ್ನೂ ನಡೆಸುತ್ತದೆ, ವೈರಿಂಗ್ ಸುಲಭ. ಮೂರು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಒಂದು ಬೆಳಿಗ್ಗೆ ಪೌಚ್ ಅನ್ನು ಬಿಸಿಯಿಂದ ಅಂಟಿಸುವ ದವಡೆ (ಸೀಲಿಂಗ್ ಜಾ) ಮುಚ್ಚಿದ್ದು ತೆರೆಯಲೇ ಇಲ್ಲ. ಹೋಗಿ ನೋಡಿದರೆ ಫಿಲಂ ಸುಟ್ಟು ದವಡೆಗೆ ಅಂಟಿಕೊಂಡಿದೆ, ಇಡೀ ಶೆಡ್ ತುಂಬಾ ಸುಟ್ಟ ಪ್ಲಾಸ್ಟಿಕ್ ವಾಸನೆ.

ಪಿಎಲ್‌ಸಿ ಮೇಲೆ ಆ ಔಟ್‌ಪುಟ್‌ನ ಎಲ್ಇಡಿ ಆರಿತ್ತು. ಅಂದರೆ ಪ್ರೋಗ್ರಾಂ ಆಫ್ ಮಾಡಿದೆ. ಟರ್ಮಿನಲ್ ಮೇಲೆ ಮೀಟರ್ ಇಟ್ಟರೆ 24 ವೋಲ್ಟ್ ಹಾಗೇ ಬರುತ್ತಿದೆ. ಒಳಗಿನ ಸಣ್ಣ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡುಬಿಟ್ಟಿತ್ತು. ಅಲ್ಲೇ ಕೂತು ಲೆಕ್ಕ ಹಾಕಿದೆ. ನಿಮಿಷಕ್ಕೆ 40, ದಿನಕ್ಕೆ ಎರಡು ಶಿಫ್ಟ್, 16 ಗಂಟೆ. ದಿನಕ್ಕೆ 38,400 ಸಲ. ಪೂರ್ತಿ ಲೋಡಿನಲ್ಲಿ ಇಂಥ ರಿಲೇಗೆ ಡೇಟಾಶೀಟ್ ಕೊಡುವ ಆಯಸ್ಸು 1 ಲಕ್ಷ ಸಲದ ಆಸುಪಾಸು. ನಮ್ಮ ಸೊಲೆನಾಯ್ಡ್ ಸಣ್ಣದಾಗಿದ್ದಕ್ಕೆ ಮೂರು ತಿಂಗಳಾದರೂ ಬಂತು. ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿರಲಿಲ್ಲ, ಅದೂ ನನ್ನದೇ ತಪ್ಪು. ಡಿಸಿ ಕಾಯಿಲ್ ಆಫ್ ಆಗುವಾಗ ಏಳುವ ಕಿಡಿ ಪ್ರತಿ ಸಲ ಕಾಂಟ್ಯಾಕ್ಟ್ ಅನ್ನು ತಿನ್ನುತ್ತಾ ಹೋಗುತ್ತದೆ. ಟ್ರಾನ್ಸಿಸ್ಟರ್ ಔಟ್‌ಪುಟ್ ಇರುವ ಪಿಎಲ್‌ಸಿಯನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಟ್ರಾನ್ಸಿಸ್ಟರ್‌ನಲ್ಲಿ ಸವೆಯುವ ಕಾಂಟ್ಯಾಕ್ಟೇ ಇಲ್ಲ. 230 ವೋಲ್ಟ್ ಬೇಕಾದ ಕಡೆ ಹೊರಗೆ ಸಾಕೆಟ್ ರಿಲೇ ಹಾಕಿದೆ. ಅದು ಕೆಟ್ಟರೆ ಕಿತ್ತು ಹೊಸದು ಚುಚ್ಚಿದರೆ ಆಯಿತು, ಪಿಎಲ್‌ಸಿಗೆ ಕೈ ಹಾಕಬೇಕಿಲ್ಲ. ಸ್ಟೆಪ್ಪರ್, ಸರ್ವೋ ಮೋಟರ್‌ಗಳಿಗೆ ಪಲ್ಸ್ ಕೊಡಬೇಕಿದ್ದರಂತೂ ಟ್ರಾನ್ಸಿಸ್ಟರ್ ಬಿಟ್ಟು ಬೇರೆ ದಾರಿಯಿಲ್ಲ.

ಸ್ಪೀಡಿನ ವಿಷಯದಲ್ಲಿ ಕಲಿಸಿದ ಮೆಷಿನ್ ಇನ್ನೊಂದು. ತಗಡಿನ ಸುರುಳಿ ಬಿಚ್ಚಿ ಅಳತೆಗೆ ಕತ್ತರಿಸುವ ಮೆಷಿನ್. ಅಳೆಯುವ ಚಕ್ರದ ಸುತ್ತಳತೆ 200 ಮಿ.ಮೀ. ಅದಕ್ಕೆ ಒಂದು ಸುತ್ತಿಗೆ 1000 ಪಲ್ಸ್ ಕೊಡುವ ಎನ್‌ಕೋಡರ್. ಒಂದು ಪಲ್ಸ್ ಅಂದರೆ 0.2 ಮಿ.ಮೀ. ತಗಡು ನಿಮಿಷಕ್ಕೆ 30 ಮೀಟರ್ ಓಡುತ್ತದೆ, ಅಂದರೆ ಸೆಕೆಂಡಿಗೆ 500 ಮಿ.ಮೀ., ಸೆಕೆಂಡಿಗೆ 2,500 ಪಲ್ಸ್. ಪ್ರೋಗ್ರಾಂನ ಸ್ಕ್ಯಾನ್ ಟೈಮ್ (ಮೊದಲಿಂದ ಕೊನೆವರೆಗೆ ಒಂದು ಸಲ ಓಡುವ ಹೊತ್ತು) 5 ಮಿಲಿಸೆಕೆಂಡ್ ಇದ್ದರೆ ಒಂದು ಸ್ಕ್ಯಾನ್‌ನಲ್ಲಿ ಹನ್ನೆರಡಕ್ಕೂ ಹೆಚ್ಚು ಪಲ್ಸ್ ದಾಟಿ ಹೋಗುತ್ತವೆ. ಸಾಮಾನ್ಯ ಇನ್‌ಪುಟ್ ಇವನ್ನು ಎಣಿಸಲಾರದು. ಸ್ಕ್ಯಾನ್‌ಗೆ ಕಾಯದೆ ತಾನೇ ಎಣಿಸುವ ಹೈಸ್ಪೀಡ್ ಕೌಂಟರ್ ಬೇಕೇ ಬೇಕು. ಅದಕ್ಕೇ 1214ಸಿ ಡಿಸಿ ಮಾಡೆಲ್ ಆರಿಸಿದೆ.

ಆದರೂ ಮೊದಲ ದಿನ ತಲೆ ಕೆಟ್ಟುಹೋಯಿತು. ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಕೌಂಟ್ ಒಂದೊಂದೇ ಏರುತ್ತದೆ. ಮೋಟರ್ ಓಡಿಸಿದ ಕೂಡಲೇ ಸ್ಕ್ರೀನ್ ಮೇಲಿನ ಸಂಖ್ಯೆ ನಿಂತಲ್ಲೇ ನಿಲ್ಲುತ್ತದೆ. ಎನ್‌ಕೋಡರ್ ಬದಲಿಸಿ ನೋಡಿದೆ, ಶೀಲ್ಡ್ ವೈರ್ ಬದಲಿಸಿ ನೋಡಿದೆ. ಸಂಜೆ ಹೊತ್ತಿಗೆ ಕಾರಣ ಸಿಕ್ಕಿತು. ಇನ್‌ಪುಟ್‌ಗೆ ಕಂಪನಿಯಿಂದ ಬರುವಾಗಲೇ 6.4 ಮಿಲಿಸೆಕೆಂಡ್ ಫಿಲ್ಟರ್ ಹಾಕಿರುತ್ತದೆ. ಸ್ವಿಚ್‌ನ ಅದುರಾಟವನ್ನು ತಡೆಯಲು ಅದು ಒಳ್ಳೆಯದೇ. ನಮ್ಮ ಪಲ್ಸ್‌ಗಳೋ ಒಂದು ಮಿಲಿಸೆಕೆಂಡೂ ಇಲ್ಲ. ಎಲ್ಲವನ್ನೂ ಆ ಫಿಲ್ಟರ್ ನುಂಗುತ್ತಿತ್ತು. ಸೆಟಿಂಗ್‌ನಲ್ಲಿ ಅದನ್ನು ಮೈಕ್ರೋಸೆಕೆಂಡ್‌ಗೆ ಇಳಿಸಿದೆ. ಕೌಂಟ್ ಓಡಿತು.

ಅಷ್ಟಾದರೂ ಕತ್ತರಿಸಿದ ಪೀಸುಗಳಲ್ಲಿ 2 ಮಿ.ಮೀ. ಆಚೆ ಈಚೆ ಬರುತ್ತಿತ್ತು. ಎಣಿಕೆ ಸರಿ ಇದೆ, ಕತ್ತರಿಸು ಅನ್ನುವ ಆದೇಶ ತಡವಾಗುತ್ತಿದೆ. ಹೋಲಿಸಿ ನೋಡುವ ಸಾಲು ಮಾಮೂಲಿ ಪ್ರೋಗ್ರಾಂನಲ್ಲಿತ್ತು. ಅದರ ಸರದಿ ಬರುವಷ್ಟರಲ್ಲಿ 5 ಮಿಲಿಸೆಕೆಂಡ್ ಆಗಬಹುದು, ಅಷ್ಟರಲ್ಲಿ ತಗಡು 2.5 ಮಿ.ಮೀ. ಮುಂದೆ ಹೋಗಿರುತ್ತದೆ. ಕೌಂಟರ್‌ಗೆ ಇಂಟರಪ್ಟ್ (ಸರದಿಗೆ ಕಾಯದೆ ತಕ್ಷಣ ಓಡುವ ಪ್ರೋಗ್ರಾಂ ತುಂಡು) ಹಾಕಿ, ಔಟ್‌ಪುಟ್ ಅನ್ನು ಅಲ್ಲಿಂದಲೇ ನೇರವಾಗಿ ಆನ್ ಮಾಡಿದ ಮೇಲೆ ಅಳತೆ ಹಿಡಿತಕ್ಕೆ ಬಂತು. ಈಗ ಓಡುವ ಮೆಷಿನ್ ಯಾವುದೇ ಇರಲಿ, ಡೇಟಾಶೀಟ್‌ನಲ್ಲಿ ಮೊದಲು ನೋಡುವುದು ಕೌಂಟರ್ ಎಷ್ಟು ಕಿಲೋಹರ್ಟ್ಸ್, ಇಂಟರಪ್ಟ್ ಇದೆಯಾ ಅಂತ. ಮೆಮೊರಿ ಎಷ್ಟು ಅನ್ನುವುದು ಇಂಥ ಕೆಲಸಕ್ಕೆ ಅಷ್ಟು ಮುಖ್ಯವಲ್ಲ.

ಗಂಗಾವತಿ ಕಡೆಯ ಒಂದು ರೈಸ್ ಮಿಲ್‌ನಲ್ಲಿ ಎಲ್ಲವೂ ಇದಕ್ಕೆ ಉಲ್ಟಾ. ಅಲ್ಲಿ ಕುಸುಬಲಕ್ಕಿಗೆ ಭತ್ತ ನೆನೆಸುವ ಟ್ಯಾಂಕುಗಳು. ಭತ್ತ ಬಿಸಿನೀರಲ್ಲಿ ಗಂಟೆಗಟ್ಟಲೆ ನೆನೆಯಬೇಕು, ಆಮೇಲೆ ಸ್ಟೀಮ್. ಯಾವುದಕ್ಕೂ ಅವಸರವಿಲ್ಲ. ಅತಿ ಸಣ್ಣ ಪಿಎಲ್‌ಸಿಗೂ ಇದು ಸಲೀಸು. ಅಲ್ಲಿನ ಎಲೆಕ್ಟ್ರಿಷಿಯನ್ ನನಗೆ ಕೇಳಿದ ಮೊದಲ ಪ್ರಶ್ನೆ: "ಸರ್, ಕರೆಂಟ್ ಹೋಗಿ ಬಂದ್ರ ಮತ್ತ ಮೊದಲಿಂದ ಶುರು ಆಗ್ತೈತೇನ್ರಿ?" ಬಹಳ ಸರಿಯಾದ ಪ್ರಶ್ನೆ. ಐದು ಗಂಟೆ ನೆನೆದ ಭತ್ತಕ್ಕೆ ಮತ್ತೆ ಸೊನ್ನೆಯಿಂದ ಟೈಮರ್ ಎಣಿಸಿದರೆ ಆ ಟ್ಯಾಂಕ್ ಹಾಳು. ಹಾಗಾಗಿ ಕರೆಂಟ್ ಹೋದರೂ ಉಳಿಯುವ ಮೆಮೊರಿ ಎಷ್ಟಿದೆ ಅಂತ ನೋಡಿ ಡೆಲ್ಟಾ ಡಿವಿಪಿ ಸರಣಿಯದನ್ನು ಹಾಕಿದೆ. ಪ್ರತಿ ಟ್ಯಾಂಕಿನ ಹಂತ, ಕಳೆದ ನಿಮಿಷ ಎರಡೂ ಅಲ್ಲಿ ಕೂರುತ್ತವೆ. ಆ ಎಲೆಕ್ಟ್ರಿಷಿಯನ್‌ಗೆ ಡೆಲ್ಟಾ ಮೊದಲೇ ಗೊತ್ತಿತ್ತು, ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಈ ಎರಡು ಕಾರಣ ಸಾಕಾಯಿತು.

ಟೆಂಪರೇಚರ್‌ಗೆ ಪಿಎಲ್‌ಸಿ ಮಾಡ್ಯೂಲ್ ಹಾಕಲಿಲ್ಲ. ಬೇರೆ ಬೇರೆ ಟೆಂಪರೇಚರ್ ಕಂಟ್ರೋಲರ್ ಹಾಕಿ ಮಾಡ್‌ಬಸ್‌ನಲ್ಲಿ (ಇಂಥ ಉಪಕರಣಗಳು ಮಾತಾಡಿಕೊಳ್ಳುವ ಪದ್ಧತಿ) ಪಿಎಲ್‌ಸಿಗೆ ಜೋಡಿಸಿದೆ. ಒಂದು ಕೆಟ್ಟರೆ ಒಂದೇ ಟ್ಯಾಂಕ್ ನಿಲ್ಲುತ್ತದೆ, ಸ್ಪೇರ್ ಊರಲ್ಲೇ ಸಿಗುತ್ತದೆ. ಪ್ಯಾನೆಲ್ ಅನ್ನು ಬಾಯ್ಲರ್ ಪಕ್ಕದಿಂದ ತೆಗೆಸಿ ಆಫೀಸ್ ಗೋಡೆಗೆ ಒಯ್ದೆ. ಹೆಚ್ಚಿನ ಪಿಎಲ್‌ಸಿಗಳು 55 ಡಿಗ್ರಿವರೆಗೆ ತಡೆಯುತ್ತವೆ ಅಂತ ಬರೆದಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಬಾಯ್ಲರ್ ಪಕ್ಕದ ಮುಚ್ಚಿದ ಡಬ್ಬಿಯೊಳಗೆ ಅದು ದಾಟಲು ಎಷ್ಟು ಹೊತ್ತು? ಫ್ಯಾನ್ ಹಾಕೋಣ ಅಂದರೆ ಭತ್ತದ ಧೂಳು ವಾರದಲ್ಲಿ ಫಿಲ್ಟರ್ ಮುಚ್ಚಿಬಿಡುತ್ತದೆ.

ನೀರು ಸರಬರಾಜಿನ ಕೆಲಸದಲ್ಲಿ ಪಂಪ್ ಒಂದು ಕಡೆ, ಟ್ಯಾಂಕ್ ಕಿಲೋಮೀಟರ್ ದೂರ. ಅಲ್ಲಿ ನಾನು ನೋಡುವುದು ಕಮ್ಯುನಿಕೇಶನ್ ಪೋರ್ಟ್ ಮತ್ತು ಅನಲಾಗ್ ಇನ್‌ಪುಟ್ (ಬರೀ ಆನ್-ಆಫ್ ಅಲ್ಲ, ಏರಿಳಿಯುವ ಅಳತೆ ಓದುವಂಥದ್ದು). ಲೆವೆಲ್ ಟ್ರಾನ್ಸ್‌ಮಿಟರ್ 4–20 ಮಿಲಿಆಂಪ್‌ನದ್ದೇ ಆಗಬೇಕು. ಟ್ಯಾಂಕ್ ಖಾಲಿ ಇದ್ದಾಗ 4 ಬರುತ್ತದೆ, ವೈರ್ ಕಡಿದು ಹೋದರೆ ಸೊನ್ನೆ. ಖಾಲಿ ಟ್ಯಾಂಕಿಗೂ ಕಡಿದ ವೈರಿಗೂ ವ್ಯತ್ಯಾಸ ತಿಳಿಯದೆ ರಾತ್ರಿಯಿಡೀ ಪಂಪ್ ಓಡಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ. ಸಕ್ಕರೆ ಕಾರ್ಖಾನೆಯ ಬಾಯ್ಲರ್, ಮಿಲ್ ಹೌಸ್ ಲೆಕ್ಕವೇ ಬೇರೆ. ಕಬ್ಬು ಅರೆಯುವ ಸೀಸನ್‌ನಲ್ಲಿ ನಿಲ್ಲಿಸುವಂತಿಲ್ಲ. ಒಂದು ಸಿಪಿಯು ಬಿದ್ದರೆ ಇನ್ನೊಂದು ಕೈಗೆತ್ತಿಕೊಳ್ಳುವ, ಓಡುತ್ತಿರುವಾಗಲೇ ಮಾಡ್ಯೂಲ್ ಬದಲಿಸುವ ದೊಡ್ಡ ಸಿಸ್ಟಂ ಬೇಕು. ಅಂಥ ಕೆಲಸ ಬಂದರೆ ನಾನು ಅದನ್ನೇ ಮಾಡುವವರ ಹೆಸರು ಕೊಟ್ಟು ಕಳಿಸುತ್ತೇನೆ.

ಒಂದು ಮಾತನ್ನು ಎಲ್ಲ ಓನರ್‌ಗಳಿಗೂ ಗಟ್ಟಿಯಾಗಿ ಹೇಳುತ್ತೇನೆ. ಎಮರ್ಜೆನ್ಸಿ ಸ್ಟಾಪ್ ಅನ್ನು ಸಾಮಾನ್ಯ ಪಿಎಲ್‌ಸಿಯ ಪ್ರೋಗ್ರಾಂಗೆ ಬಿಡಬೇಡಿ. ಅದು ಸೇಫ್ಟಿ ರಿಲೇ ಮೂಲಕ ನೇರ ವೈರಿಂಗ್‌ನಲ್ಲೇ ಪವರ್ ಕಡಿಯಬೇಕು. ಪಿಎಲ್‌ಸಿಗೆ ಸುಮ್ನೆ ಸುದ್ದಿ ಮುಟ್ಟಿದರೆ ಸಾಕು. ಬೆಸೆದುಕೊಂಡ ಆ ರಿಲೇಯನ್ನು ನೋಡಿದ ಮೇಲೆ ಇದರಲ್ಲಿ ನಾನು ಯಾರ ಮಾತಿಗೂ ಬಗ್ಗಿಲ್ಲ.

ಇನ್ನು ಪ್ರೋಗ್ರಾಂ. 2021-22ರಲ್ಲಿ ಚಿಪ್ ಕೊರತೆಯಾಗಿ ಬೇಕಾದ ಮಾಡೆಲ್‌ಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಸಿಕ್ಕ ಕಂಪನಿಯದನ್ನು ಹಾಕಿ ಪ್ರೋಗ್ರಾಂ ಹೊಸದಾಗಿ ಬರೆದೆ. ಏಣಿಯ ಮೆಟ್ಟಿಲಿನ ಹಾಗೆ ಸಾಲುಸಾಲಾಗಿ ಬರೆಯುವ ಲ್ಯಾಡರ್ ಎಲ್ಲ ಕಡೆ ಲ್ಯಾಡರೇ, ಐಇಸಿ 61131-3 ಅನ್ನುವ ಮಾನದಂಡವೂ ಇದೆ. ಆದರೂ ಒಂದು ಕಂಪನಿಯ ಫೈಲ್ ಇನ್ನೊಂದರಲ್ಲಿ ತೆರೆಯುವುದಿಲ್ಲ. ನನ್ನನ್ನು ಉಳಿಸಿದ್ದು ಐಓ ಲಿಸ್ಟ್ (ಇನ್‌ಪುಟ್-ಔಟ್‌ಪುಟ್ ಪಟ್ಟಿ) ಮತ್ತು ಹಂತಹಂತವಾಗಿ ಕೈಯಲ್ಲಿ ಬರೆದಿಟ್ಟ ಕೆಲಸದ ಕ್ರಮ. ಅಂದಿನಿಂದ ಇವೆರಡರ ಪ್ರಿಂಟ್, ಪ್ರೋಗ್ರಾಂ ಇರುವ ಪೆನ್‌ಡ್ರೈವ್, ಸೆಟಿಂಗ್ ಸಂಖ್ಯೆಗಳ ಹಾಳೆ ಎಲ್ಲವನ್ನೂ ಪ್ಯಾನೆಲ್ ಬಾಗಿಲಿನ ಜೇಬಿನಲ್ಲಿ ಇಟ್ಟು ಬರುತ್ತೇನೆ. ಪಾಸ್‌ವರ್ಡ್ ಹಾಕಿ ಲಾಕ್ ಮಾಡುವವರಿದ್ದಾರೆ. ಬರೆದವರು ಸಿಗದೆ, ಲಾಕ್ ತೆಗೆಯಲಾಗದೆ ಒಂದು ಒಳ್ಳೆಯ ಮೆಷಿನ್ ಎರಡು ವಾರ ಸುಮ್ಮನೆ ನಿಂತಿದ್ದನ್ನು ನೋಡಿದ್ದೇನೆ. ದುಡ್ಡು ಕೊಟ್ಟ ಓನರ್‌ಗೆ ಅವರ ಮೆಷಿನ್‌ನ ಪ್ರೋಗ್ರಾಂ ಸಿಗಲೇಬೇಕು.

ಕಳೆದ ಮಳೆಗಾಲದಲ್ಲಿ ರೈಸ್ ಮಿಲ್‌ನ ಅದೇ ಎಲೆಕ್ಟ್ರಿಷಿಯನ್ ಬೆಳಿಗ್ಗೆ ಫೋನ್ ಮಾಡಿದರು. ಎರಡು ದಿನದ ಹಿಂದೆ ಸಿಡಿಲಿಗೆ ಪಿಎಲ್‌ಸಿ ಸುಟ್ಟಿತ್ತಂತೆ. ಹೊಸಪೇಟೆಯಿಂದ ಅದೇ ಮಾಡೆಲ್ ತಂದು, ವೈರ್ ನಂಬರ್ ನೋಡಿ ಕಟ್ಟಿ, ಪೆನ್‌ಡ್ರೈವ್‌ನಿಂದ ಪ್ರೋಗ್ರಾಂ ಹಾಕಿದ್ದರು. ನನಗೆ ಹೇಳಿಯೇ ಇರಲಿಲ್ಲ. "ಎಲ್ಲಾ ಓಡಾಕತ್ತೈತ್ರಿ ಸರ್. ಮೂರನೇ ಟ್ಯಾಂಕಿನ ನೆನೆಯೋ ಟೈಮ್ ಒಂದ ಸೊನ್ನಿ ತೋರಿಸಾಕತ್ತೈತಿ, ಅದಕ್ಕ ಎಷ್ಟ ಹಾಕ್ಲಿ?" ಬಾಗಿಲ ಜೇಬಿನಲ್ಲಿರುವ ಹಾಳೆ, ಎರಡನೇ ಪುಟ, ಕೆಳಗಿನಿಂದ ನಾಲ್ಕನೇ ಸಾಲು ಅಂದೆ. "ಸಿಕ್ತ್ರಿ" ಅಂತ ಹೇಳಿ ಫೋನ್ ಇಟ್ಟರು.