ಎಂಟು ಅಂಶದ ಗ್ರೂಪ್ ಹಿಡಿದು ಸೆಮಿನಾರ್ ಕೊಟ್ಟೆ

ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುವಾಗ ನಮ್ಮ ವಾರದ ಸೆಮಿನಾರ್‌ಗೆ ಮೂರು ಬಗೆಯ ಜನ ಬರುತ್ತಿದ್ದರು. ಜ್ಯಾಮಿತಿಯವರು, ಟೋಪಾಲಜಿಯವರು, ರೆಪ್ರೆಸೆಂಟೇಷನ್ ಥಿಯರಿಯವರು. ಒಬ್ಬರಿಗೆ ಬಾಯಿಪಾಠ ಆಗಿರುವುದು ಇನ್ನೊಬ್ಬರಿಗೆ ಪೂರ್ತಿ ಹೊಸದು. ನನ್ನ ಸರದಿ ಬಂದಾಗ ಮೆಕೇ ಕರೆಸ್ಪಾಂಡೆನ್ಸ್ ಆರಿಸಿಕೊಂಡೆ. ಕೆಲವು ಗ್ರೂಪ್‌ಗಳಿಗೂ (ಗ್ರೂಪ್ ಅಂದರೆ ತಮ್ಮೊಳಗೇ ಗುಣಿಸಿಕೊಳ್ಳುವ ಅಂಶಗಳ ಕೂಟ) ಜ್ಯಾಮಿತಿಯ ಕೆಲವು ಚೂಪು ತುದಿಗಳಿಗೂ ಒಂದೇ ಚಿತ್ರ ಬರುತ್ತದೆ ಅನ್ನುವ, ಗಣಿತಜ್ಞ ಮೆಕೇ ಗಮನಿಸಿದ ನಂಟು ಅದು. ಮೂವರಿಗೂ ಅದರಲ್ಲಿ ಪಾಲಿದೆ.

ಮೊದಲ ಸಲ ಕೊಟ್ಟ ಟಾಕ್ ಸರಿಹೋಗಲಿಲ್ಲ. ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಅರ್ಧ ಗಂಟೆ ಬರೀ ವ್ಯಾಖ್ಯೆಗಳಲ್ಲೇ ಹೋಯಿತು. ಪ್ರಮೇಯ ತೋರಿಸುವ ಹೊತ್ತಿಗೆ ಎಲ್ಲರೂ ದಣಿದಿದ್ದರು. ಕೊನೆಯಲ್ಲಿ ಟೋಪಾಲಜಿಯ ಹಿರಿಯರೊಬ್ಬರು ಕೇಳಿದರು: "ಆ ಚೂಪು ತುದಿಯ ಸುತ್ತ ಒಂದು ಸಣ್ಣ ಗೋಳ ಇಟ್ಟು ಕತ್ತರಿಸಿದರೆ ಏನು ಸಿಗುತ್ತಮ್ಮಾ? ಅದರ ಮೊದಲನೇ ಹೋಮಾಲಜಿ ಏನು?" (ಹೋಮಾಲಜಿ ಅಂದರೆ ಆಕಾರದ ತೂತುಗಳ ಲೆಕ್ಕ ಇಡುವ ಗ್ರೂಪ್.) ನನಗೆ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಿ ಸರ್" ಅಂದೆ. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾತಾಡಲು ಸಮಯ ಕೇಳಿ ಪಡೆದೆ.

ಈ ಸಲ ಪುಸ್ತಕ ಮುಚ್ಚಿಟ್ಟು ಒಂದೇ ಉದಾಹರಣೆ ಹಿಡಿದು ಕೂತೆ. ಕ್ವಾಟರ್ನಿಯನ್ ಗ್ರೂಪ್. ಅದರಲ್ಲಿ ಇರುವುದು ಎಂಟೇ ಅಂಶ: 1, ಐ, ಜೆ, ಕೆ, ಮತ್ತೆ ಅವುಗಳ ಮೈನಸ್. ಗ್ರೂಪಿನ ಅಂಶಗಳನ್ನು ಮ್ಯಾಟ್ರಿಕ್ಸ್‌ಗಳಾಗಿ ಬರೆಯುವ ಬಗೆಗೆ ರೆಪ್ರೆಸೆಂಟೇಷನ್ ಅನ್ನುತ್ತಾರೆ. ಇದರ ಸರಳ, ಅಂದರೆ ಇನ್ನೂ ಚಿಕ್ಕದಾಗಿ ಒಡೆಯಲಾಗದ, ರೆಪ್ರೆಸೆಂಟೇಷನ್‌ಗಳು ಐದು. ನಾಲ್ಕರ ಆಯಾಮ 1, ಒಂದರ ಆಯಾಮ 2. ವರ್ಗ ಮಾಡಿ ಕೂಡಿದರೆ 1+1+1+1+4, ಸರಿಯಾಗಿ 8.

ಮೆಕೇ ಮಾಡಿದ್ದು ಇಷ್ಟು. ಪ್ರತಿ ರೆಪ್ರೆಸೆಂಟೇಷನ್‌ಗೆ ಒಂದು ಚುಕ್ಕಿ ಇಡು. ಪ್ರತಿಯೊಂದನ್ನೂ ಆ ಎರಡು ಆಯಾಮದ್ದರ ಜೊತೆ ಟೆನ್ಸರ್ ಮಾಡು, ಅಂದರೆ ಒಂದು ಬಗೆಯಲ್ಲಿ ಗುಣಿಸು. ಒಳಗೆ ಯಾವುದೆಲ್ಲ ಬಂತೋ ಅವಕ್ಕೆ ಗೆರೆ ಎಳೆ. ಎರಡು ಆಯಾಮದ್ದನ್ನು ಅದರ ಜೊತೆಗೇ ಟೆನ್ಸರ್ ಮಾಡಿದರೆ ಕ್ಯಾರೆಕ್ಟರ್ (ಮ್ಯಾಟ್ರಿಕ್ಸಿನ ಕರ್ಣದ ಮೊತ್ತ) ಬೆಲೆ 1ರ ಮೇಲೆ 4, ಮೈನಸ್ 1ರ ಮೇಲೂ 4, ಉಳಿದ ಕಡೆ ಸೊನ್ನೆ. ಆ ನಾಲ್ಕು ಒಂದಾಯಾಮದವುಗಳ ಮೊತ್ತವೂ ಅದೇ. ಹಾಗಾಗಿ ನಡುವೆ ಒಂದು ಚುಕ್ಕಿ, ಸುತ್ತ ನಾಲ್ಕು ಚುಕ್ಕಿ. ಲೀ ಆಲ್ಜೀಬ್ರಾ ಓದಿದವರಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತದೆ: ಡಿ-4ರ ವಿಸ್ತರಿಸಿದ ಡಿಂಕಿನ್ ಚಿತ್ರ. ಲೀ ಆಲ್ಜೀಬ್ರಾಗಳನ್ನು ವಿಂಗಡಿಸಲು ಬಳಸುವ ಚುಕ್ಕಿ-ಗೆರೆಯ ಚಿತ್ರಗಳಿವು; ವಿಸ್ತರಿಸಿದ್ದು ಅಂದರೆ ಒಂದು ಚುಕ್ಕಿ ಹೆಚ್ಚು.

ಜ್ಯಾಮಿತಿಯ ಕಡೆಯಿಂದ ಬಂದರೂ ಇದೇ ಚಿತ್ರ. ಎರಡು ಕಾಂಪ್ಲೆಕ್ಸ್ ಆಯಾಮದ ಜಾಗವನ್ನು ಈ ಗ್ರೂಪಿನಿಂದ ಮಡಚಿದರೆ ಮೂಲಬಿಂದುವಿನಲ್ಲಿ ಚೂಪು ತುದಿ ಬರುತ್ತದೆ. ಅದನ್ನು ಸರಿಮಾಡಿ ನುಣುಪು ಮಾಡಿದಾಗ ಆ ತುದಿ ಇದ್ದಲ್ಲಿ ನಾಲ್ಕು ಗೋಳಗಳು ಹುಟ್ಟುತ್ತವೆ. ನಡುವಿನದಕ್ಕೆ ಉಳಿದ ಮೂರು ಅಂಟಿಕೊಂಡಿರುತ್ತವೆ. ಚಿತ್ರದಲ್ಲಿ ಐದು ಚುಕ್ಕಿ, ಇಲ್ಲಿ ನಾಲ್ಕು ಗೋಳ. ಟ್ರಿವಿಯಲ್ (ಎಲ್ಲ ಅಂಶಕ್ಕೂ 1 ಕೊಡುವ) ರೆಪ್ರೆಸೆಂಟೇಷನ್ನಿನ ಚುಕ್ಕಿಯನ್ನು ತೆಗೆದುಬಿಟ್ಟರೆ ಎರಡೂ ಒಂದೇ.

ಇನ್ನು ಆ ಹಿರಿಯರ ಪ್ರಶ್ನೆ. ತುದಿಯ ಸುತ್ತ ಕತ್ತರಿಸಿದರೆ ಸಿಗುವುದು ಮೂರು ಆಯಾಮದ ಗೋಳವನ್ನು ಗ್ರೂಪಿನಿಂದ ಭಾಗಿಸಿದ್ದು. ಅದರ ಫಂಡಮೆಂಟಲ್ ಗ್ರೂಪ್ (ಅದರೊಳಗಿನ ಕುಣಿಕೆಗಳ ಗ್ರೂಪ್) ನಮ್ಮ ಗ್ರೂಪೇ. ಮೊದಲನೇ ಹೋಮಾಲಜಿ ಅಂದರೆ ಅದನ್ನು ಅಬೀಲಿಯನ್ ಮಾಡಿದಾಗ, ಅಂದರೆ ಗುಣಿಸುವ ಕ್ರಮ ಲೆಕ್ಕಕ್ಕಿಲ್ಲ ಅಂದುಕೊಂಡಾಗ, ಉಳಿಯುವುದು. ಅದರ ಗಾತ್ರ ಎಷ್ಟು? ಒಂದಾಯಾಮದ ರೆಪ್ರೆಸೆಂಟೇಷನ್‌ಗಳು ಎಷ್ಟೋ ಅಷ್ಟು. ಅಂದರೆ 4. ಉತ್ತರ ಮೊದಲ ಪಟ್ಟಿಯಲ್ಲೇ ಇತ್ತು! ರಾತ್ರಿ ಹಾಸ್ಟೆಲ್ ಟೆರೇಸಿನಲ್ಲಿ ಇದು ಹೊಳೆದಾಗ ಆದ ಖುಷಿ ಇವತ್ತಿಗೂ ನೆನಪಿದೆ.

ಎರಡನೇ ಟಾಕ್‌ಗೆ ಸೀಮೆಸುಣ್ಣ ಮಾತ್ರ ಹಿಡಿದು ಹೋದೆ. ಬೋರ್ಡಿನ ಎಡಗಡೆ ಆ ಐದು ಸಂಖ್ಯೆ ಬರೆದು ಕೊನೆಯವರೆಗೂ ಅಳಿಸಲಿಲ್ಲ. ಟೆನ್ಸರ್ ಲೆಕ್ಕವನ್ನು ಕೂತವರ ಕೈಲೇ ಮಾಡಿಸಿದೆ. ಟ್ರಿವಿಯಲ್ ಚುಕ್ಕಿಯನ್ನು ಡಸ್ಟರ್‌ನಿಂದ ಒರೆಸಿದಾಗ ಜ್ಯಾಮಿತಿಯವರು ಒಬ್ಬರು "ಓ, ಹಾಗಾ!" ಅಂದರು. ಪೂರ್ತಿ ಸಾಧನೆಗೆ (ಪ್ರೂಫ್‌ಗೆ) ಕೈ ಹಾಕಲಿಲ್ಲ. ಮೆಕೇ ಇದನ್ನು ಗಮನಿಸಿದ್ದು 1970ರ ದಶಕದ ಕೊನೆಯಲ್ಲಿ. ಗೊಂಜಾಲೆಜ್-ಸ್ಪ್ರಿನ್‌ಬರ್ಗ್ ಮತ್ತು ವರ್ಡಿಯೆ 1983ರಲ್ಲಿ ಜ್ಯಾಮಿತಿಯ ಕಾರಣ ಕೊಟ್ಟರು. ಇಷ್ಟು ಹೇಳಿ ಮುಂದೆ ಹೋದೆ. ಒಂದು ಗಂಟೆಯಲ್ಲಿ ಸಾಧನೆ ತುರುಕಿದರೆ ಯಾರಿಗೂ ದಕ್ಕುವುದಿಲ್ಲ ಅಂತ ಈಗಲೂ ನನಗೆ ಅನ್ನಿಸುತ್ತದೆ.

ಉಳಿದ ಇಪ್ಪತ್ತು ನಿಮಿಷ ದೊಡ್ಡ ಉದಾಹರಣೆಗೆ ಇಟ್ಟಿದ್ದೆ. ಐಕೋಸಾಹೆಡ್ರನ್ ಅಂದರೆ ಇಪ್ಪತ್ತು ಮುಖದ ಘನ. ಅದನ್ನು ತಿರುಗಿಸುವ ಬಗೆಗಳು 60. ಅದರ ದುಪ್ಪಟ್ಟು ಗ್ರೂಪಿನ ಗಾತ್ರ 120. ಆಯಾಮಗಳು 1, 2, 3, 4, 5, 6, ಮತ್ತೆ 4, 2, 3. ಮೊದಲ ಆರು ಒಂದು ಸಾಲು. 6ರಿಂದ ಒಂದು ಕಡೆ 4, 2. ಇನ್ನೊಂದು ಕಡೆ 3. ಯಾವ ಚುಕ್ಕಿ ನೋಡಿದರೂ ಅದರ ಎರಡರಷ್ಟು ಅಕ್ಕಪಕ್ಕದವುಗಳ ಮೊತ್ತಕ್ಕೆ ಸಮ. 6ರ ಎರಡರಷ್ಟು 12, ಅದು 5+4+3. ಇದು ವಿಸ್ತರಿಸಿದ ಇ-8.

ಆಮೇಲೆ ಎಲ್ಲರನ್ನೂ ಕೇಳಿದೆ: ಈ ಪಟ್ಟಿಯಲ್ಲಿ 1 ಎಷ್ಟು ಸಲ ಇದೆ? ಒಂದೇ ಸಲ. ಹಾಗಾದರೆ ಮೊದಲನೇ ಹೋಮಾಲಜಿಯ ಗಾತ್ರ 1, ಅಂದರೆ ಅದು ಸೊನ್ನೆ ಅಲ್ವಾ? ಮಾಮೂಲಿ ಗೋಳದ ಹೋಮಾಲಜಿಯೇ, ಆದರೆ ಗೋಳ ಅಲ್ಲ. ಪ್ರಶ್ನೆ ಕೇಳಿದ್ದ ಹಿರಿಯರು ನಾನು ಬಾಯಿ ತೆರೆಯುವ ಮೊದಲೇ "ಪಾಂಕಾರೆ" ಅಂದರು. ಹೌದು, 1904ರಲ್ಲಿ ಫ್ರೆಂಚ್ ಗಣಿತಜ್ಞ ಪಾಂಕಾರೆ ಕೊಟ್ಟ ಉದಾಹರಣೆ ಇದೇ.

ಟಾಕ್ ಮುಗಿದ ಮೇಲೆ ರೆಪ್ರೆಸೆಂಟೇಷನ್ ಥಿಯರಿಯ ಸ್ನೇಹಿತೆ ಬೋರ್ಡಿಗೆ ಬಂದಳು. ಡಿ-4ರ ಕಾರ್ಟನ್ ಮ್ಯಾಟ್ರಿಕ್ಸ್ (ಯಾವ ಚುಕ್ಕಿ ಯಾವುದಕ್ಕೆ ಅಂಟಿದೆ ಅನ್ನುವ ಪಟ್ಟಿ) ಬರೆದು ಡಿಟರ್ಮಿನೆಂಟ್ ತೆಗೆದಳು. 4 ಬಂತು. "ಗೋಳಗಳು ಹೇಗೆ ಮುಟ್ಟಿಕೊಂಡಿವೆ ಅನ್ನೋ ಮ್ಯಾಟ್ರಿಕ್ಸೂ ಇದೇ, ಚಿಹ್ನೆ ಮಾತ್ರ ಬೇರೆ. ಹೋಮಾಲಜಿಯ ಗಾತ್ರ ಇಲ್ಲಿಂದಲೂ ಬರುತ್ತದೆ" ಅಂದರು ಹಿರಿಯರು. "ಇ-8ಕ್ಕೂ ತೆಗಿ ನೋಡೋಣ" ಅಂದೆ. ಎಂಟು ಸಾಲಿನ ಮ್ಯಾಟ್ರಿಕ್ಸ್. ಮೂವರೂ ಸೇರಿ ಸಾಲು ಸಾಲಾಗಿ ಬಿಡಿಸಿದೆವು. ಮುಂದಿನ ಕ್ಲಾಸಿನವರು ಬಾಗಿಲಲ್ಲಿ ಕಾಯುತ್ತಿದ್ದರು. ಕೊನೆಗೆ 1 ಬಂತು.