ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ರೀಡಿಂಗ್ (ಓದುವ) ಭಾಗಕ್ಕೆ ತಯಾರಾಗುತ್ತಿರುವವರಿಗೆ

ಮೈಸೂರು, ಮಂಡ್ಯ ಕಡೆಯ ಗೆಳೆಯರೇ, ಸುಮ್ನೆ ಉದ್ದುದ್ದ ಪದಪಟ್ಟಿ ಬಾಯಿಪಾಠ ಮಾಡಬೇಡಿ. ಸಂಜೆ ಬರುವ ಇಂಗ್ಲಿಷ್ ಪೇಪರ್ ಸ್ಟಾರ್ ಆಫ್ ಮೈಸೂರ್ ಓದಿ. ನಮ್ಮೂರಿನ ಸುದ್ದಿ, ಹಾಗಾಗಿ ಹೊಸ ಪದದ ಅರ್ಥ ಊಹಿಸುವುದು ಸುಲಭ. ಊಹಿಸಿದ ಮೇಲೆ ಡಿಕ್ಷನರಿ ನೋಡಿ, ಇಡೀ ವಾಕ್ಯ ಬರೆದುಕೊಳ್ಳಿ. ಪಕ್ಕದಲ್ಲಿ ಅದೇ ಅರ್ಥದ ಇನ್ನೊಂದು ಪದವೂ ಇರಲಿ. ಯಾಕಂದ್ರೆ ಪರೀಕ್ಷೆಯ ಪ್ರಶ್ನೆಯಲ್ಲಿ ಪ್ಯಾಸೇಜಿನ (ಓದಲು ಕೊಟ್ಟ ಬರಹದ) ಮಾತನ್ನೇ ಬೇರೆ ಪದಗಳಲ್ಲಿ ತಿರುಗಿಸಿ ಕೇಳುತ್ತಾರೆ. ಆದರೆ ಪೇಪರ್ ಒಂದೇ ಸಾಲದು, ಉದ್ದನೆಯ ವಿಜ್ಞಾನ ಲೇಖನಗಳೂ ಬೇಕು.

ಜಾಸ್ತಿ ಜನ ಎಡವುವುದು ‘ಟ್ರೂ, ಫಾಲ್ಸ್, ನಾಟ್ ಗಿವನ್’ ಪ್ರಶ್ನೆಗಳಲ್ಲಿ. ಕೊಟ್ಟ ಹೇಳಿಕೆ ಪ್ಯಾಸೇಜಿಗೆ ಹೊಂದಿದರೆ ಟ್ರೂ, ವಿರುದ್ಧವಾದರೆ ಫಾಲ್ಸ್, ಆ ವಿಷಯವೇ ಅಲ್ಲಿಲ್ಲದಿದ್ದರೆ ನಾಟ್ ಗಿವನ್. ಪ್ಯಾಸೇಜಿನಲ್ಲಿ ‘ಮಂಡ್ಯದಲ್ಲಿ ಕಬ್ಬು, ಭತ್ತ ಬೆಳೆಯುತ್ತಾರೆ’ ಎಂದಷ್ಟೇ ಇದೆ ಅಂದುಕೊಳ್ಳಿ. ಪ್ರಶ್ನೆ: ‘ಮಂಡ್ಯದ ಗದ್ದೆಗಳಿಗೆ ಕೆಆರ್‌ಎಸ್ ನೀರು ಬರುತ್ತದೆ.’ ನಮಗೆಲ್ಲ ಗೊತ್ತಿರುವ ಮಾತೇ ಅಲ್ವಾ? ಕೈ ತಾನಾಗಿ ಟ್ರೂ ಅಂತ ಬರೆಯುತ್ತದೆ. ಉತ್ತರ ಮಾತ್ರ ನಾಟ್ ಗಿವನ್, ಯಾಕಂದ್ರೆ ಪ್ಯಾಸೇಜು ನೀರಿನ ಮಾತೇ ಎತ್ತಿಲ್ಲ. ಅಭ್ಯಾಸ ಮಾಡುವಾಗ ಪ್ರತಿ ಟ್ರೂ, ಫಾಲ್ಸ್‌ಗೂ ಆಧಾರವಾದ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಸಾಲು ಸಿಗದಿದ್ದರೆ ಟ್ರೂ, ಫಾಲ್ಸ್ ಎರಡನ್ನೂ ಬರೆಯಲೇಬೇಡಿ.

60 ನಿಮಿಷ, 40 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.